ಬಿಲ್ಲು ಬೇಟೆಗೆ ಒಂದೇ ಪಿನ್ ಇರುವ ಸೈಟ್ ತಗೊಳ್ಳಲಾ, ಐದು ಪಿನ್ ಇರುವುದನ್ನಾ?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು ಅಲ್ವಾ? ಈ ಸೀಸನ್‌ಗೆ ಮೊದಲ ಸಲ ಜಿಂಕೆ ಬೇಟೆಯ ಪರವಾನಗಿ ಸಿಕ್ಕಿದೆ. ನಿಮ್ಮ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಸೆಕೆಂಡಿಗೆ 280 ಅಡಿ ವೇಗದಲ್ಲಿ ಬಾಣ ಬಿಡುತ್ತದೆ. ಹೆಚ್ಚಿನ ದಿನ ಕಾಡಿನೊಳಗೆ ಮರದ ಅಟ್ಟಣೆ ಮೇಲೆ ಕೂರುತ್ತೀರಿ, ಕೆಲವು ದಿನ ಹುಲ್ಲುಗಾವಲಿನ ಅಂಚಿಗೂ ಹೋಗುತ್ತೀರಿ. ಬಿಲ್ಲಿಗೆ ಹಾಕುವ ಸೈಟ್‌ನಲ್ಲಿ (ಗುರಿ ನೋಡುವ ಸಾಧನ) ಪಿನ್ (ತುದಿಯಲ್ಲಿ ಹೊಳೆಯುವ ಚುಕ್ಕೆ ಇರುವ ಸಣ್ಣ ಕಡ್ಡಿ) ಒಂದೇ ಸಾಕು ಅಂತ ಒಬ್ಬರು ಅಂದರು, ಇನ್ನೊಬ್ಬರು ಐದು ಪಿನ್ ಇಲ್ಲದೆ ಹೋಗಲೇಬೇಡಿ ಅಂದರು. ಯಾರ ಮಾತು ಕೇಳಬೇಕು ಅನ್ನುವುದು ನಿಮ್ಮ ಗೊಂದಲ.

ಎರಡನ್ನೂ ನಾನು ಹಲವು ಸೀಸನ್ ಬಳಸಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ. ಅಟ್ಟಣೆ ಬೇಟೆಗೆ ಒಂದೇ ಪಿನ್ ಇರುವ ಸೈಟ್ ತಗೊಳ್ಳಿ. ಅದನ್ನು 25 ಗಜಕ್ಕೆ ಕೂರಿಸಿ, ಅಂದರೆ ಅಷ್ಟು ದೂರದಲ್ಲಿ ಬಾಣ ಸರಿಯಾಗಿ ಪಿನ್ ಇಟ್ಟ ಜಾಗಕ್ಕೇ ತಾಗಬೇಕು. ಅಟ್ಟಣೆ ಹತ್ತಿದ ಮೇಲೆ ಇಳಿಯುವ ತನಕ ಡಯಲ್ (ದೂರಕ್ಕೆ ತಕ್ಕಂತೆ ಪಿನ್ ಏರಿಸಿ ಇಳಿಸುವ ತಿರುಗಣೆ) ಮುಟ್ಟಬೇಡಿ, 30 ಗಜದ ಆಚೆ ಇರುವ ಪ್ರಾಣಿಗೆ ಬಾಣ ಬಿಡಬೇಡಿ. ಹುಲ್ಲುಗಾವಲಿನ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

25 ಗಜವೇ ಯಾಕೆ ಅಂದರೆ, ಲೆಕ್ಕ ಹೀಗಿದೆ. ನಿಮ್ಮ ವೇಗದ ಬಿಲ್ಲಿನಲ್ಲಿ ಪಿನ್ 25ಕ್ಕೆ ಕೂತಿದ್ದರೆ, 10ರಿಂದ 20 ಗಜದೊಳಗೆ ಬಾಣ ನೀವಿಟ್ಟ ಗುರಿಗಿಂತ ಹೆಚ್ಚೆಂದರೆ ಒಂದೂವರೆ ಇಂಚು ಮೇಲೆ ತಾಗುತ್ತದೆ. 30 ಗಜದಲ್ಲಿ ಸುಮಾರು ಎರಡೂವರೆ ಇಂಚು ಕೆಳಗೆ. ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚಿನ ತಟ್ಟೆಯಷ್ಟು ಇರುತ್ತದೆ. ಅದರ ನಡುವಿಗೆ ಪಿನ್ ಇಟ್ಟರೆ, 30 ಗಜದ ತನಕ ದೂರ ಎಷ್ಟೇ ಇದ್ದರೂ ಬಾಣ ಆ ತಟ್ಟೆಯೊಳಗೇ ಬೀಳುತ್ತದೆ. ನೀವು ಏನನ್ನೂ ಯೋಚಿಸಬೇಕಿಲ್ಲ. ಆದರೆ ಅಲ್ಲಿಂದ ಆಚೆ ಬಾಣ ಬೇಗ ಬೇಗ ಇಳಿಯುತ್ತದೆ. 35 ಗಜಕ್ಕೆ ಆರು ಇಂಚು, 40ಕ್ಕೆ ಹತ್ತು ಹನ್ನೊಂದು ಇಂಚು ಕೆಳಗೆ. ಆಗ ಅದೇ ಪಿನ್ ಹಿಡಿದು ಬಿಟ್ಟರೆ ಪ್ರಾಣಿಗೆ ಗಾಯ ಮಾತ್ರ ಆಗುತ್ತದೆ. ಅದು ನಮ್ಮ ಕೈಯಿಂದ ಆಗಬಾರದು. (ಬಿಲ್ಲಿನ ವೇಗ 220 ಅಡಿಯ ಹತ್ತಿರ ಇರುವವರು ಇದನ್ನು ಓದುತ್ತಿದ್ದರೆ, ಪಿನ್ 20 ಗಜಕ್ಕೆ ಕೂರಿಸಿ 25ಕ್ಕೇ ನಿಲ್ಲಿಸಿ.)

30ರ ಮಿತಿಗೆ ಇನ್ನೊಂದು ಕಾರಣವೂ ಇದೆ. ಆ ದೂರಕ್ಕೆ ಬಾಣ ತಲುಪಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಹೆದೆಯ ಸದ್ದು ಅದರ ನಾಲ್ಕು ಪಟ್ಟು ಬೇಗ ತಲುಪುತ್ತದೆ. ಎಚ್ಚರವಾಗಿರುವ ಜಿಂಕೆ ಸದ್ದು ಕೇಳಿದ ಕೂಡಲೇ ಓಡಲು ಮೈ ಕುಗ್ಗಿಸುತ್ತದೆ. ಬಾಣ ತಲುಪುವ ಹೊತ್ತಿಗೆ ಅದರ ಎದೆ ಮೊದಲಿದ್ದ ಜಾಗದಲ್ಲಿ ಇರುವುದಿಲ್ಲ. ಇದಕ್ಕೆ ಯಾವ ಸೈಟ್‌ನಲ್ಲೂ ಪರಿಹಾರ ಇಲ್ಲ.

ಡಯಲ್ ಮುಟ್ಟಬೇಡಿ ಅಂದೆನಲ್ಲ, ಅದನ್ನು ನಾನು ಕಲಿತದ್ದು ಒಂದು ಬೆಳಗ್ಗೆ. ಹಿಂದಿನ ಸಂಜೆ ಬಯಲಿನಲ್ಲಿ 50 ಗಜಕ್ಕೆ ಅಭ್ಯಾಸ ಮಾಡಿದ್ದೆ. ಕತ್ತಲಾಯಿತು, ಬಿಲ್ಲನ್ನು ಹಾಗೇ ಚೀಲಕ್ಕೆ ಹಾಕಿದೆ. ಮರುದಿನ ಅಟ್ಟಣೆ ಮೇಲೆ ಕೂತು ಎರಡು ಗಂಟೆಯಾದ ಮೇಲೆ ಒಂದು ಗಂಡು ಜಿಂಕೆ ನಿಧಾನವಾಗಿ ಬಂದು 18 ಗಜದಲ್ಲಿ ಅಡ್ಡ ನಿಂತಿತು. ಹೆದೆ ಎಳೆದೆ, ಪಿನ್ ಎದೆಯ ಮೇಲೆ ಕೂತಿತು, ಬಿಟ್ಟೆ. ಬಾಣ ಅದರ ಬೆನ್ನಿನ ಮೇಲೆ ಹಾದು ಹಿಂದಿನ ಮಣ್ಣಿಗೆ ಹೊಕ್ಕಿತು. ಜಿಂಕೆ ನಾಲ್ಕು ನೆಗೆತಕ್ಕೆ ಮಾಯವಾಯಿತು. ಕೈ ನಡುಗುತ್ತಿದ್ದಾಗಲೇ ಡಯಲ್ ಕಡೆ ನೋಡಿದೆ, ಮುಳ್ಳು ಇನ್ನೂ 50ರ ಗೆರೆ ಮೇಲೆ ಇತ್ತು. ಅಷ್ಟು ಹತ್ತಿರದಲ್ಲಿ ಆ ತಪ್ಪಿಗೆ ಬಾಣ ಹತ್ತು ಇಂಚು ಮೇಲೆ ಹೋಗುತ್ತದೆ. ಎರಡು ಮೂರು ಇಂಚು ತಗ್ಗಿದ್ದರೂ ಬೆನ್ನಿಗೆ ತಾಗಿ ಗಾಯದೊಂದಿಗೆ ಓಡುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಆ ರಾತ್ರಿಯೇ ಡಯಲ್‌ನ 25ರ ಗೆರೆ ಮೇಲೆ ಒಂದು ಹನಿ ಬಿಳಿ ನೇಲ್ ಪಾಲಿಶ್ ಹಚ್ಚಿದೆ. ಅಂದಿನಿಂದ ಬಿಲ್ಲನ್ನು ಹಗ್ಗಕ್ಕೆ ಕಟ್ಟಿ ಮೇಲೆಳೆದುಕೊಂಡ ಕೂಡಲೇ ಮೊದಲು ನೋಡುವುದು ಆ ಬಿಳಿ ಚುಕ್ಕೆಯನ್ನು. ಆಮೇಲೆ ಲಾಕ್ ಸ್ಕ್ರೂ ಬಿಗಿಮಾಡುತ್ತೇನೆ. ನೀವೂ ಹೀಗೇ ಮಾಡಿ.

ಇಷ್ಟಾದ ಮೇಲೂ ಒಂದು ಪಿನ್ನೇ ತಗೊಳ್ಳಿ ಅನ್ನುತ್ತಿದ್ದೀನಲ್ಲ, ಯಾಕೆ? ಐದು ಪಿನ್‌ನ ಸೈಟ್‌ನಲ್ಲಿ ಒಂದು ಪಿನ್‌ಗೂ ಇನ್ನೊಂದಕ್ಕೂ ನಡುವೆ ಇರುವ ಜಾಗ ಬರೀ ಮೂರು ನಾಲ್ಕು ಮಿಲಿಮೀಟರ್. ಬಯಲಿನಲ್ಲಿ ರಟ್ಟಿನ ಗುರಿಗೆ ಬಿಡುವಾಗ ಅದು ತೊಂದರೆ ಅನ್ನಿಸುವುದಿಲ್ಲ. ಮೇಲಿನದು 20, ಅದರ ಕೆಳಗಿನದು 30, ಹೀಗೆ ಬಾಯಿಪಾಠ ಇರುತ್ತದೆ. ಆದರೆ ಎದುರಿಗೆ ಉಸಿರಾಡುವ ಪ್ರಾಣಿ ಬಂದು ನಿಂತಾಗ ಎದೆ ಡಬಡಬ ಹೊಡೆದುಕೊಳ್ಳುತ್ತದೆ. ಆಗ ಕಣ್ಣಿಗೆ ಕಾಣುವುದು ಹಸಿರು, ಕೆಂಪು, ಹಳದಿ ಚುಕ್ಕೆಗಳ ಒಂದು ಸಾಲು ಅಷ್ಟೇ. ಜಿಂಕೆ ಇರುವುದು 40 ಗಜದಲ್ಲಿ, ಕಣ್ಣು 30ರ ಪಿನ್ ಹಿಡಿದರೆ ಬಾಣ ಏಳು ಇಂಚು ಕೆಳಗೆ ಹೋಗುತ್ತದೆ. ನನ್ನ ಜೊತೆ ಬೇಟೆಗೆ ಬರುವ ಗೆಳೆಯನಿಗೆ ಸರಿಯಾಗಿ ಇದೇ ಆಗಿತ್ತು. ಅವನು ನನಗಿಂತ ಒಳ್ಳೆಯ ಗುರಿಕಾರ. ಸಂಜೆ ಮಬ್ಬಾದಾಗ ಇನ್ನೂ ಕಷ್ಟ. ಫೈಬರ್ ಪಿನ್‌ಗಳ ಹೊಳಪು ಒಂದಕ್ಕೊಂದು ಹರಡಿಕೊಳ್ಳುತ್ತದೆ. ಮೇಲಿನ ಪಿನ್ ಎದೆಯ ಮೇಲಿಟ್ಟರೆ ಕೆಳಗಿನ ನಾಲ್ಕು ಪಿನ್ ಜಿಂಕೆಯ ಹೊಟ್ಟೆ, ಕಾಲುಗಳನ್ನು ಮುಚ್ಚುತ್ತವೆ. ಒಂದೇ ಪಿನ್ ಇದ್ದರೆ ಇಡೀ ಪ್ರಾಣಿ ಕಾಣುತ್ತದೆ, ಅದು ಮುಂಗಾಲು ಮುಂದೆ ಇಟ್ಟಿದೆಯಾ ಇಲ್ಲವಾ ಅನ್ನುವುದೂ ಕಾಣುತ್ತದೆ. ನನಗೆ ಇದು ತುಂಬಾ ಮುಖ್ಯ.

ಈಗ ಹುಲ್ಲುಗಾವಲು. ಅಲ್ಲಿ ಒಂದು ಪಿನ್ ಕೈಕೊಡುತ್ತದೆ, ಮುಚ್ಚಿಡುವುದಿಲ್ಲ. 38 ಗಜದಲ್ಲಿ ಜಿಂಕೆ ಮೇಯುತ್ತಿದೆ ಅಂತಿಟ್ಟುಕೊಳ್ಳಿ. ದೂರ ಅಳೆಯುವ ರೇಂಜ್‌ಫೈಂಡರ್‌ನಲ್ಲಿ ನೋಡಿ, ಡಯಲ್ ತಿರುಗಿಸಿ, ಹೆದೆ ಎಳೆದು ನಿಂತಿದ್ದೀರಿ. ಅಷ್ಟರಲ್ಲಿ ಅದು ನಿಮ್ಮ ಕಡೆಗೇ ನಡೆದು 24 ಗಜಕ್ಕೆ ಬಂತು. ಎಳೆದ ಹೆದೆಯನ್ನು ಹಿಡಿದುಕೊಂಡು ಡಯಲ್ ತಿರುಗಿಸೋಕೆ ಆಗುವುದಿಲ್ಲ. ಹೆದೆ ಇಳಿಸಿದರೆ ಆ ಚಲನೆ ಅದರ ಕಣ್ಣಿಗೆ ಬೀಳುತ್ತದೆ. ಇಳಿಸದೆ ಬಿಡಬೇಕೆಂದರೆ ಆರು ಇಂಚು ಕೆಳಗೆ ಅಂದಾಜಿನಲ್ಲಿ ಗುರಿ ಇಡಬೇಕು. ಪ್ರಾಣಿಯ ಜೀವದ ವಿಷಯದಲ್ಲಿ ಅಂದಾಜು ಬೇಡ. ಹಲವು ಪಿನ್ ಇದ್ದರೆ ಇಲ್ಲಿ ಬರೀ ಕಣ್ಣು ಮೇಲಿನ ಪಿನ್‌ಗೆ ಸರಿದರೆ ಸಾಕು. 35 ಗಜದಲ್ಲಿದ್ದರೆ 30 ಮತ್ತು 40ರ ಪಿನ್‌ಗಳ ನಡುವಿನ ಖಾಲಿ ಜಾಗವನ್ನು ಎದೆಯ ಮೇಲೆ ಕೂರಿಸಿದರೆ ಆಯಿತು.

ಹಾಗಾಗಿ ಬಯಲಿಗೆ ನಾನು ಬಳಸುವುದು ಮೂರು ಪಿನ್ ಇದ್ದು ಡಯಲ್ ಕೂಡ ಇರುವ ಸೈಟ್. ಪಿನ್‌ಗಳು 20, 30, 40ಕ್ಕೆ ಕೂತಿರುತ್ತವೆ. ಡಯಲ್ ತಿರುಗಿಸಿ ದೂರದ ಗುರಿಗೆ ಬಿಡುವುದು ಅಭ್ಯಾಸದಲ್ಲಿ ಮಾತ್ರ. ಐದು ಪಿನ್ ಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. 50, 60 ಗಜದಲ್ಲಿ ಜೀವಂತ ಪ್ರಾಣಿಗೆ ಬಾಣ ಬಿಡುವಷ್ಟು ನಂಬಿಕೆ ನನ್ನ ಕೈ ಮೇಲೆ ನನಗಿಲ್ಲ ಅಂದಮೇಲೆ ಆ ಪಿನ್‌ಗಳು ಸುಮ್ನೆ ಅಲ್ಲಿ ಯಾಕೆ?

ಪಿನ್‌ನ ದಪ್ಪದ ಬಗ್ಗೆಯೂ ಕೇಳಿದ್ದೀರಿ. 0.019 ಇಂಚಿನದು ತಗೊಳ್ಳಿ. 40 ಗಜದಲ್ಲಿ ಅದು ಮುಚ್ಚುವುದು ಒಂದು ಇಂಚಿಗೂ ಕಡಿಮೆ. 0.010 ಇನ್ನೂ ಸಣ್ಣ, ಆದರೆ ಮಬ್ಬು ಬೆಳಕಿನಲ್ಲಿ ಬೇಗ ಕಾಣೆಯಾಗುತ್ತದೆ. ಸೈಟ್‌ಗೆ ಹಾಕುವ ಪುಟ್ಟ ಬ್ಯಾಟರಿ ದೀಪವನ್ನು ಕೆಲವು ಕಡೆ ಬೇಟೆಯಲ್ಲಿ ಬಳಸುವಂತಿಲ್ಲ, ನಿಮ್ಮ ಪರವಾನಗಿಯ ನಿಯಮ ನೋಡಿಕೊಂಡೇ ತಗೊಳ್ಳಿ.

ಅಟ್ಟಣೆಯ ಎತ್ತರದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. 20 ಅಡಿ ಮೇಲೆ ಕೂತು, ಮರದ ಬುಡದಿಂದ 20 ಗಜದಲ್ಲಿರುವ ಜಿಂಕೆಯನ್ನು ಅಳೆದರೆ ಓರೆ ದೂರ 21 ಗಜ ಬರುತ್ತದೆ. ಅಷ್ಟೇ ವ್ಯತ್ಯಾಸ. ಕಡಿದಾದ ಗುಡ್ಡದಲ್ಲಾದರೆ ಕೋನದ ಲೆಕ್ಕ ಹಾಕುವ ರೇಂಜ್‌ಫೈಂಡರ್ ಬೇಕು. ಮೇಲಿಂದ ಬಿಡುವಾಗ ಕೈಯನ್ನಷ್ಟೇ ತಗ್ಗಿಸಬೇಡಿ, ಸೊಂಟದಿಂದ ಬಾಗಿ.

ಡಯಲ್ ಇರುವ ಸೈಟ್ ತಗೊಂಡರೆ ಅದರ ಜೊತೆ ಅಂಕಿ ಮುದ್ರಿಸಿದ ಟೇಪ್‌ಗಳ ಒಂದು ಕಟ್ಟು ಬರುತ್ತದೆ. ಹತ್ತಿರದ ಒಂದು ದೂರ, ದೂರದ ಒಂದು ದೂರ, ಎರಡರಲ್ಲೂ ಬಾಣ ಬಿಟ್ಟು, ಎರಡಕ್ಕೂ ಸರಿಹೊಂದುವ ಟೇಪ್ ಅಂಟಿಸಬೇಕು. ನಾನು 20 ಮತ್ತು 60 ಗಜ ಇಟ್ಟುಕೊಳ್ಳುತ್ತೇನೆ. ಆಮೇಲೆ ಬಾಣದ ತೂಕ ಬದಲಾಯಿಸಿದರೆ ಆ ಟೇಪ್ ಸುಳ್ಳು ಹೇಳುತ್ತದೆ, ಮತ್ತೆ ಮೊದಲಿಂದ ಮಾಡಬೇಕು. ಬೇಟೆಗೆ ಬಳಸುವ ಬ್ರಾಡ್‌ಹೆಡ್ (ಅಲಗು ಇರುವ ಮೊನೆ) ಹಾಕಿಯೇ ಕೊನೆಯ ಪರೀಕ್ಷೆ ಮಾಡಿ. ಅಭ್ಯಾಸದ ಮೊನೆ ಹೋದ ಜಾಗಕ್ಕೇ ಅದೂ ಹೋಗುತ್ತದೆ ಅಂತ ಹೇಳೋಕಾಗಲ್ಲ.

ಸೀಸನ್‌ಗೆ ಇನ್ನೂ ಎರಡು ತಿಂಗಳು ಇದೆ ಅಂದಿದ್ದೀರಿ. ಪಿನ್ 25ಕ್ಕೆ ಕೂರಿಸಿ, 12, 17, 22, 28 ಗಜ ಹೀಗೆ ಬೇರೆ ಬೇರೆ ದೂರದಿಂದ, ಮೊದಲೇ ಅಳೆಯದೆ, ದಿನಕ್ಕೆ ಹತ್ತೇ ಬಾಣ ಬಿಡಿ. ಎಂಟು ಇಂಚಿನ ಕಾಗದದ ತಟ್ಟೆಯನ್ನೇ ಗುರಿ ಮಾಡಿಕೊಳ್ಳಿ. ಎರಡು ವಾರ ಕಳೆದ ಮೇಲೆ ತಟ್ಟೆಯ ಹೊರಗೆ ಎಷ್ಟು ಬಾಣ ಬಿದ್ದವು, ಯಾವ ದೂರದಲ್ಲಿ ಅಂತ ಇಲ್ಲೇ ಬರೆಯಿರಿ. ಪಿನ್ ಎತ್ತಬೇಕಾ, ಇಳಿಸಬೇಕಾ ಅಂತ ಆಗ ಹೇಳುತ್ತೇನೆ.