ಕೊರಿಯಾದ ಕಿಮ್ ಬುಸಿಕ್ ಯಾರು? ಅವನ ಕುಟುಂಬ ಏನಾಯಿತು?

ಕಿಮ್ ಬುಸಿಕ್ (1075–1151) ಗೊರ್ಯೊ ರಾಜ್ಯದ ದೊಡ್ಡ ಅಧಿಕಾರಿ, ವಿದ್ವಾಂಸ. ಮನೆತನ ಗ್ಯೊಂಗ್‌ಜುವಿನದು, ಹಳೆಯ ಸಿಲ್ಲಾ ರಾಜವಂಶದ ಕವಲು. ಅಪ್ಪ ಬೇಗ ತೀರಿಕೊಂಡರೂ ನಾಲ್ಕೂ ಜನ ಅಣ್ಣತಮ್ಮಂದಿರು ಸರ್ಕಾರಿ ಪರೀಕ್ಷೆ ಪಾಸು ಮಾಡಿದರು. ಅದಕ್ಕೇ ಅವರ ತಾಯಿಗೆ ಅರಮನೆಯಿಂದ ವರ್ಷ ವರ್ಷ ಧಾನ್ಯ ಬರುತ್ತಿತ್ತು, ಸುಮ್ನೆ ಮಾತಲ್ಲ.

1135ರಲ್ಲಿ ಮ್ಯೊಚೊಂಗ್ ಎಂಬ ಬೌದ್ಧ ಸನ್ಯಾಸಿ ಇಂದಿನ ಪ್ಯೊಂಗ್‌ಯಾಂಗ್‌ನಲ್ಲಿ ದಂಗೆ ಎದ್ದಾಗ ಸೈನ್ಯ ನಡೆಸಿ ಅದನ್ನು ಅಡಗಿಸಿದವನು ಇವನೇ. ಆಮೇಲೆ ರಾಜ ಇಂಜೊಂಗ್ ಹೇಳಿದಂತೆ 1145ರಲ್ಲಿ 'ಸಮ್‌ಗುಕ್ ಸಾಗಿ' ಮುಗಿಸಿದ. ಗೊರ್ಯೊಗಿಂತ ಮುಂಚೆ ಕೊರಿಯಾದಲ್ಲಿದ್ದ ಗೊಗುರ್ಯೊ, ಬೆಕ್ಜೆ, ಸಿಲ್ಲಾ ಎಂಬ ಮೂರು ರಾಜ್ಯಗಳ ಇತಿಹಾಸ, 50 ಸಂಪುಟ. ಕೊರಿಯಾದಲ್ಲಿ ಇವತ್ತಿಗೂ ಉಳಿದಿರುವ ಅತ್ಯಂತ ಹಳೆಯ ಇತಿಹಾಸ ಗ್ರಂಥ. ಸಿಲ್ಲಾ ಕಡೆಗೆ ಸ್ವಲ್ಪ ಜಾಸ್ತಿ ವಾಲಿದೆ ಅನ್ನುವ ದೂರು ಇದೆ, ನನಗೂ ಅದು ನಿಜ ಅನಿಸುತ್ತೆ.

ಮಗ ಕಿಮ್ ದೊನ್‌ಜುಂಗ್ ಕಥೆಯೇ ಬೇರೆ. ಅರಮನೆಯ ಹಬ್ಬದಲ್ಲಿ ಜೊಂಗ್ ಜುಂಗ್‌ಬು ಎಂಬ ಸೇನಾಧಿಕಾರಿಯ ಗಡ್ಡಕ್ಕೆ ಮೇಣದಬತ್ತಿ ಹಿಡಿದು ಸುಟ್ಟ. ಅವನು ತಿರುಗಿ ಹೊಡೆದ. ಅಪ್ಪನೋ, ಮಗನಿಗೆ ಬುದ್ಧಿ ಹೇಳುವುದು ಬಿಟ್ಟು, ಹೊಡೆದವನಿಗೇ ಶಿಕ್ಷೆ ಕೊಡಿ ಎಂದು ರಾಜನ ಹತ್ತಿರ ಹೋದ! ಸೇನೆಯವರನ್ನು ಅಷ್ಟು ಕೀಳಾಗಿ ನೋಡುತ್ತಿದ್ದ ಕಾಲ ಅದು. 1170ರಲ್ಲಿ ಅದೇ ಜೊಂಗ್ ದಂಗೆ ಎದ್ದು ಅಧಿಕಾರ ಹಿಡಿದ. ಬೆಟ್ಟಕ್ಕೆ ಓಡಿಹೋಗಿ ಅಡಗಿದ್ದ ದೊನ್‌ಜುಂಗ್‌ನನ್ನು ಹಿಡಿದು ಕೊಂದರು.