ಹಿರಿಯರು ದಾರಿ ತಪ್ಪಿದಾಗ ‘ಸಿಲ್ವರ್ ಅಲರ್ಟ್’ ಎಷ್ಟು ನೆರವಾದೀತು?

ಪ್ರಶ್ನೆ: ನಮ್ಮ ಯಜಮಾನರಿಗೆ 74 ವರ್ಷ. ಆಲ್ಝೈಮರ್ ಕಾಯಿಲೆಯ ಆರಂಭ ಎಂದು ವೈದ್ಯರು ಹೇಳಿ ಎರಡು ವರ್ಷವಾಯಿತು. ಕಳೆದ ತಿಂಗಳು ಬೆಳಗಿನ ಜಾವ ಹಾಲು ತರುತ್ತೇನೆಂದು ಚೀಲ ಹಿಡಿದು ಹೋದವರು ಮೂರು ಗಂಟೆಯ ನಂತರ ಪರಿಚಯದ ಆಟೊದವರೊಬ್ಬರ ಜೊತೆ ಮನೆಗೆ ಬಂದರು. ಈಗ ಆರು ತಿಂಗಳ ಮಟ್ಟಿಗೆ ಅಮೆರಿಕದ ಡಲ್ಲಾಸ್ ಬಳಿ ಇರುವ ಮಗನ ಮನೆಗೆ ಹೊರಟಿದ್ದೇವೆ. ‘ಇಲ್ಲಿ ಸಿಲ್ವರ್ ಅಲರ್ಟ್ ಇದೆ, ವಯಸ್ಸಾದವರು ಕಾಣೆಯಾದರೆ ಎಲ್ಲರ ಫೋನಿಗೂ ಸಂದೇಶ ಹೋಗುತ್ತದೆ, ಹೆದರಬೇಡಿ’ ಎಂದು ಮಗ ಹೇಳುತ್ತಾನೆ. ಇದನ್ನು ನಂಬಬಹುದೇ? ನಮ್ಮಲ್ಲಿ ಇಂಥ ವ್ಯವಸ್ಥೆ ಇಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಮಗನ ಮಾತು ಅರ್ಧ ನಿಜ. ಅಲ್ಲಿ ಫೋನುಗಳು ಒಮ್ಮೆಲೇ ಕಿರುಚಿಕೊಳ್ಳುವುದು ಹೆಚ್ಚಾಗಿ ‘ಆಂಬರ್ ಅಲರ್ಟ್’ ಹೊರಟಾಗ. 1996ರಲ್ಲಿ ಡಲ್ಲಾಸ್‌ಗೆ ಸಮೀಪದ ಆರ್ಲಿಂಗ್ಟನ್ ಎಂಬ ಊರಿನಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳ ಅಪಹರಣ ಮತ್ತು ಕೊಲೆ ನಡೆದ ಮೇಲೆ ಹುಟ್ಟಿಕೊಂಡ ಆ ಎಚ್ಚರಿಕೆ ಅಪಹೃತ ಮಕ್ಕಳಿಗೆ ಸಂಬಂಧಿಸಿದ್ದು. ಮರೆವಿನ ಕಾಯಿಲೆಯಿರುವ ಹಿರಿಯರಿಗಾಗಿ ಇರುವ ‘ಸಿಲ್ವರ್ ಅಲರ್ಟ್’ ಅದರ ನಂತರ ಬಂದದ್ದು. ಇಡೀ ದೇಶಕ್ಕೆ ಒಂದೇ ಕಾನೂನು ಎಂಬುದಿಲ್ಲದೆ ಒಂದೊಂದು ರಾಜ್ಯವೂ ತನ್ನದೇ ನಿಯಮ ಮಾಡಿಕೊಂಡಿದೆ. ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯ ಮಾಡಿಕೊಂಡದ್ದು 2007ರಲ್ಲಿ. ಈ ಎಚ್ಚರಿಕೆ ಮುಖ್ಯವಾಗಿ ಟಿ.ವಿ., ರೇಡಿಯೊ ಮತ್ತು ಹೆದ್ದಾರಿಯ ಮೇಲಿನ ವಿದ್ಯುತ್ ಫಲಕಗಳ ಮೂಲಕ ಜನರನ್ನು ತಲುಪುತ್ತದೆ.

ಟೆಕ್ಸಾಸ್‌ನ ಷರತ್ತುಗಳನ್ನು ನೀವಿಬ್ಬರೂ ಕುಳಿತು ಓದಿಕೊಳ್ಳುವುದು ಒಳ್ಳೆಯದು. ಕಾಣೆಯಾದವರಿಗೆ 65 ತುಂಬಿ, ಮಾನಸಿಕ ಸಾಮರ್ಥ್ಯ ಕುಂದಿರುವುದನ್ನು ವೈದ್ಯರು ಗುರುತಿಸಿರಬೇಕು, ಇಲ್ಲವೇ ಆಲ್ಝೈಮರ್ ಇರುವುದು ಖಚಿತವಾಗಿರಬೇಕು. ಕಾಯಿಲೆಗೆ ವೈದ್ಯಕೀಯ ದಾಖಲೆಯನ್ನು ಮನೆಯವರೇ ಒದಗಿಸಬೇಕು. ಕಾಣೆಯಾದ 72 ಗಂಟೆಯೊಳಗೆ ಪೊಲೀಸರು ಕೋರಿಕೆ ಸಲ್ಲಿಸಬೇಕು. ಅವರ ವಾಸ ಟೆಕ್ಸಾಸ್‌ನಲ್ಲೇ ಇರಬೇಕು. ಈ ಕೊನೆಯ ಷರತ್ತು ಆರು ತಿಂಗಳಿಗೆಂದು ಬಂದಿರುವ ತಂದೆಗೆ ಹೇಗೆ ಅನ್ವಯವಾಗುತ್ತದೆ ಎಂಬುದನ್ನು ಮಗ ತಮ್ಮ ಊರಿನ ಪೊಲೀಸರಲ್ಲಿ ಈಗಲೇ ಕೇಳಿ ಇಟ್ಟುಕೊಳ್ಳಲಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ಮತ್ತೊಂದಿದೆ: ಹಿರಿಯರು ಹೊರಟದ್ದು ಕಾರಿನಲ್ಲೇ ಎಂಬುದು ಖಚಿತವಾಗಿ, ಆ ಕಾರಿನ ಸರಿಯಾದ ವಿವರ ಸಿಕ್ಕರೆ ಮಾತ್ರ ಹೆದ್ದಾರಿಯ ಫಲಕ ಬೆಳಗುತ್ತದೆ. ಅಂದರೆ ಈ ಏರ್ಪಾಟಿನ ಕಣ್ಣ ಮುಂದಿರುವುದು ತಾನೇ ಕಾರು ಓಡಿಸಿಕೊಂಡು ಹೋಗಿ ದಾರಿ ತಪ್ಪಿದ ಅಮೆರಿಕದ ಹಿರಿಯ. ನಿಮ್ಮ ಯಜಮಾನರು ಹೋಗುವುದು ಕಾಲ್ನಡಿಗೆಯಲ್ಲಿ, ಅದೂ ಚೀಲ ಹಿಡಿದು.

ಆದ್ದರಿಂದ ಅಲರ್ಟ್ ಇದೆ ಎಂಬ ಧೈರ್ಯಕ್ಕಿಂತ ಮೊದಲ ಒಂದು ಗಂಟೆಯಲ್ಲಿ ನಿಮ್ಮ ಕೈಯಲ್ಲಿ ಏನಿದೆ ಎಂಬುದರ ಮೇಲೆ ಹೆಚ್ಚು ಭರವಸೆ ಇಡಿ ಎಂದೇ ನನ್ನ ಸಲಹೆ. ಹೊರಡುವ ಮುನ್ನ ಚಿಕಿತ್ಸೆ ನೀಡುತ್ತಿರುವ ವೈದ್ಯರಿಂದ ಕಾಯಿಲೆಯ ಹೆಸರು, ಪತ್ತೆಯಾದ ವರ್ಷ ಮತ್ತು ಔಷಧಗಳನ್ನು ನಮೂದಿಸಿದ ಒಂದು ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ‘ಅರವತ್ತಕ್ಕೆ ಅರಳುಮರಳು’ ಎಂದುಕೊಂಡು ವೈದ್ಯರ ಬಳಿ ಹೋಗದೆ ಕೂರುವ ಮನೆಗಳೇ ನಮ್ಮಲ್ಲಿ ಹೆಚ್ಚಾದ್ದರಿಂದ, ಬೇಕಾದ ಹೊತ್ತಿನಲ್ಲಿ ತೋರಿಸಲು ಕಾಗದವೇ ಇರುವುದಿಲ್ಲ. ನೀವು ಆ ಹಂತವನ್ನು ದಾಟಿದ್ದೀರಿ ಎಂಬುದು ಸಮಾಧಾನದ ಸಂಗತಿ.

ಬ್ರಿಟನ್ನಿನ ಪೊಲೀಸರು ಬಳಸುವ ‘ಹರ್ಬರ್ಟ್ ಪ್ರೋಟೊಕಾಲ್’ ಎಂಬ ನಮೂನೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿಯ ದಾಳಿಯಲ್ಲಿ ಭಾಗವಹಿಸಿ, ಮುಪ್ಪಿನಲ್ಲಿ ಡಿಮೆನ್ಷಿಯಾಕ್ಕೆ (ಮರೆವಿನ ಕಾಯಿಲೆಗೆ) ತುತ್ತಾದ ಯೋಧರೊಬ್ಬರ ಹೆಸರನ್ನು ಅದಕ್ಕೆ ಇಡಲಾಗಿದೆ. ಹಿರಿಯರು ಕಾಣೆಯಾಗುವ ಮುನ್ನವೇ ಮನೆಯವರು ಅದನ್ನು ತುಂಬಿ ಇಟ್ಟುಕೊಂಡಿರುತ್ತಾರೆ: ಇತ್ತೀಚಿನ ಫೋಟೊ, ಔಷಧ, ಹಿಂದೆ ವಾಸವಿದ್ದ ಮನೆಗಳು, ಕೆಲಸ ಮಾಡಿದ ಜಾಗ, ದಿನಚರಿ, ಹಿಂದೆ ದಾರಿ ತಪ್ಪಿದಾಗ ಸಿಕ್ಕ ಸ್ಥಳ. ಇದನ್ನು ನಮ್ಮ ಪತ್ರಿಕೆಗಳ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಪಕ್ಕದಲ್ಲಿಟ್ಟು ನೋಡಿ. ‘ಎತ್ತರ 5.5 ಅಡಿ, ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು’ ಎಂಬ ಚಹರೆ ಪಟ್ಟಿಗೆ ಬಸ್ ನಿಲ್ದಾಣದಲ್ಲಿ ನಿಂತಿರುವ ಅರ್ಧದಷ್ಟು ಜನ ಹೊಂದುತ್ತಾರೆ. ಹುಡುಕುವವರಿಗೆ ದಾರಿ ತೋರಿಸುವುದು ಚಹರೆಗಿಂತ ಹೆಚ್ಚಾಗಿ ಅಭ್ಯಾಸ. ನಾನು ಕಂಡ ಪ್ರಕರಣವೊಂದರಲ್ಲಿ ನಿವೃತ್ತ ಗುಮಾಸ್ತರೊಬ್ಬರನ್ನು ಮನೆಯವರು ರೈಲು ನಿಲ್ದಾಣ, ದೇವಸ್ಥಾನಗಳಲ್ಲೆಲ್ಲ ಹುಡುಕುತ್ತಿದ್ದರೆ, ಅವರು ಇಪ್ಪತ್ತು ವರ್ಷಗಳ ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯ ಮೆಟ್ಟಿಲ ಮೇಲೆ, ಬಾಗಿಲು ತೆರೆಯುವುದನ್ನೇ ಕಾಯುತ್ತಾ ಕುಳಿತಿದ್ದರು.

ನಿಮ್ಮ ಯಜಮಾನರ ಹಾಳೆಯಲ್ಲಿ ‘ಬೆಳಗಿನ ಜಾವ ಐದಕ್ಕೆ ಹಾಲಿಗೆ ಹೊರಡುತ್ತಾರೆ, ಅಪರಿಚಿತರು ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರಿಸದೆ ನಗುತ್ತಾರೆ, ಕನ್ನಡದಲ್ಲಿ ಇಂಥ ಹೆಸರಿನಿಂದ ಕರೆದರೆ ನಿಲ್ಲುತ್ತಾರೆ’ ಎಂಬಂಥ ಸಾಲುಗಳಿರಲಿ. ನಡೆದು ಹೋದ ಡಿಮೆನ್ಷಿಯಾ ರೋಗಿಗಳಲ್ಲಿ ಹೆಚ್ಚಿನವರು ಕೊನೆಯ ಬಾರಿ ಕಾಣಿಸಿಕೊಂಡ ಜಾಗದಿಂದ ಬಹಳ ದೂರ ಹೋಗಿರುವುದಿಲ್ಲ. ಯಾವುದಾದರೂ ಬೇಲಿಯೋ ಪೊದೆಯೋ ಅಡ್ಡವಾಗುವವರೆಗೆ ನಡೆದು ಅಲ್ಲೇ ಸಿಕ್ಕಿಕೊಳ್ಳುತ್ತಾರೆ, ಕೂಗಿ ಕರೆದರೂ ಓಗೊಡುವುದಿಲ್ಲ. ಹೀಗಾಗಿ ಮನೆ, ಹಿತ್ತಲು, ಕಾರ್ ಶೆಡ್, ಪಕ್ಕದ ಮನೆಯ ಅಂಗಳ, ಹತ್ತಿರದ ನೀರಿನ ತಾಣ ಇವನ್ನು ಮೊದಲು ನೋಡಬೇಕು. ಹತ್ತು ಹದಿನೈದು ನಿಮಿಷದಲ್ಲಿ ಸಿಗದಿದ್ದರೆ ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಇಷ್ಟು ಗಂಟೆ ಕಾಯಬೇಕೆಂಬ ನಿಯಮ ಅಲ್ಲಿಲ್ಲ. ಮಗನ ಫೋನ್ ಸಂಖ್ಯೆ ಕೆತ್ತಿದ ಕೈಕಡಗ ತೊಡಿಸಿ. ಜೇಬಿನ ಚೀಟಿ ಅಂಗಿ ಬದಲಿಸಿದೊಡನೆ ಒಗೆಯುವ ಬಟ್ಟೆಯ ಪಾಲಾಗುತ್ತದೆ.

ಎಲ್ಲರ ಫೋನಿಗೂ ಸಂದೇಶ ಕಳಿಸುವ ಪದ್ಧತಿ ನಿಜವಾಗಿ ನಡೆಯುತ್ತಿರುವುದು ದಕ್ಷಿಣ ಕೊರಿಯಾದಲ್ಲಿ. 2021ರ ಜೂನ್‌ನಿಂದ ಅಲ್ಲಿನ ಪೊಲೀಸರು ಮಕ್ಕಳು, ಬೌದ್ಧಿಕ ಅಂಗವೈಕಲ್ಯ ಉಳ್ಳವರು ಮತ್ತು ಡಿಮೆನ್ಷಿಯಾ ಇರುವವರು ಕಾಣೆಯಾದರೆ ಎತ್ತರ, ತೂಕ, ತೊಟ್ಟ ಬಟ್ಟೆಯ ವಿವರವಿರುವ ಸಂದೇಶವನ್ನು ಆಯಾ ಪ್ರದೇಶದ ಜನರ ಮೊಬೈಲಿಗೆ ಕಳಿಸುತ್ತಾರೆ. ಸಣ್ಣ ಪ್ರದೇಶಕ್ಕೆ ಸೀಮಿತವಾಗಿರುವುದೇ ಇದರ ಗುಣ ಎಂದು ನನಗೆ ತೋರುತ್ತದೆ. ನೂರಾರು ಮೈಲಿ ದೂರದವರನ್ನೂ ದಿನಕ್ಕೆರಡು ಬಾರಿ ಎಬ್ಬಿಸಿದರೆ ಜನ ಸದ್ದನ್ನೇ ನಿಲ್ಲಿಸಿಬಿಡುತ್ತಾರೆ.

ಇನ್ನು ನಮ್ಮಲ್ಲಿ. ಹಿರಿಯರಿಗಾಗಿ ಇಂಥ ಅಲರ್ಟ್ ಇಲ್ಲ. ಆದರೆ 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಮೊಬೈಲುಗಳೆಲ್ಲ ಒಮ್ಮೆ ವಿಚಿತ್ರವಾಗಿ ಸದ್ದು ಮಾಡಿ ಪರೀಕ್ಷಾ ಸಂದೇಶ ತೋರಿಸಿದ್ದು ನಿಮಗೆ ನೆನಪಿರಬಹುದು. ಪ್ರವಾಹ, ಭೂಕಂಪಗಳಂಥ ವಿಪತ್ತಿಗೆಂದು ಸಿದ್ಧಪಡಿಸಿದ ಆ ತಂತ್ರಜ್ಞಾನಕ್ಕೆ ಆಯ್ದ ಪ್ರದೇಶಕ್ಕಷ್ಟೇ ಸಂದೇಶ ಕಳಿಸುವ ಶಕ್ತಿಯಿದೆ. ಉಪಕರಣ ಇದೆ, ಈ ಕೆಲಸಕ್ಕೆ ಅದನ್ನು ಬಳಸುವ ನಿಯಮ ಇಲ್ಲ.

ಕಾನೂನಿನ ಆಸರೆ ಮಾತ್ರ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ವ್ಯಾಖ್ಯೆಯಲ್ಲಿ ನೆನಪು ಮತ್ತು ಸ್ಥಳ-ಕಾಲದ ಅರಿವಿನ ತೀವ್ರ ತೊಂದರೆಯೂ ಸೇರಿದೆ. ಅದರ 100ನೇ ಕಲಂ ಪ್ರಕಾರ ಹಾಗೆ ಅಲೆಯುತ್ತಿರುವವರು ಸಿಕ್ಕಾಗ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಪತ್ತೆಹಚ್ಚುವುದು ಠಾಣಾಧಿಕಾರಿಯ ಕರ್ತವ್ಯ. ಮೈಸೂರಿನಲ್ಲೇ ಇಂಥದ್ದು ಮತ್ತೆ ಆದರೆ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ‘ಮನುಷ್ಯ ಕಾಣೆ’ ಪ್ರಕರಣ ದಾಖಲಿಸಲು ಕೇಳಿ. ‘ನಾಳೆಯವರೆಗೆ ನೋಡಿ, ಬಂದಾರು’ ಎಂಬ ಮಾತನ್ನು ಠಾಣೆಯೊಂದರಲ್ಲಿ ನಾನೂ ಕೇಳಿದ್ದೇನೆ. 24 ಗಂಟೆ ಕಾಯಬೇಕೆಂದು ಎಲ್ಲೂ ಬರೆದಿಲ್ಲವೆಂದು ವಿನಯದಿಂದಲೇ ತಿಳಿಸಿ, ವೈದ್ಯರ ಪತ್ರವನ್ನು ಮುಂದಿಡಿ. ಹಿರಿಯ ನಾಗರಿಕರ ಸಹಾಯವಾಣಿ 14567 ಕೂಡ ಇದೆ.

ವಾಟ್ಸ್‌ಆ್ಯಪ್ ಗುಂಪುಗಳಿಗೆ ಫೋಟೊ ಹಾಕುವಾಗ ದಿನಾಂಕ, ಹೊತ್ತು, ಬಡಾವಣೆಯ ಹೆಸರನ್ನು ಫೋಟೊದ ಮೇಲೆಯೇ ಬರೆಯಿರಿ. ಅವರು ಸಿಕ್ಕ ಕೂಡಲೇ ಅದೇ ಫೋಟೊದ ಮೇಲೆ ‘ಸಿಕ್ಕಿದ್ದಾರೆ’ ಎಂದು ದೊಡ್ಡದಾಗಿ ಬರೆದು ಅವೇ ಗುಂಪುಗಳಿಗೆ ಮತ್ತೆ ಕಳಿಸಿ. ಇಲ್ಲವಾದರೆ ಮನೆಗೆ ಬಂದು ಎರಡು ವರ್ಷ ಕಳೆದ ಮೇಲೂ ಯಾವುದೋ ಊರಿನಿಂದ ನಿಮಗೆ ಕರೆ ಬರುತ್ತಿರುತ್ತದೆ.