ಹಸಿರು ಬಾಕ್ಸಿನೊಳಗೆ ಏನಿತ್ತು?

ಆಕೆ ಬ್ಯಾಗಿನಿಂದ ಏಳು ಉದ್ದನೆಯ ನೋಟ್‌ಬುಕ್ ತೆಗೆದು ನನ್ನ ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿಟ್ಟಳು. "ನಾನು ಓದಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ ಮೇಡಂ" ಅಂದಳು. ನಾನು ಹಾಗೆ ಹೇಳಿರಲೇ ಇಲ್ಲ. ಆಕೆ ಇನ್ನೂ ಕುರ್ಚಿಯಲ್ಲಿ ಕೂತೂ ಇರಲಿಲ್ಲ.

ಅಕೌಂಟಿಂಗ್ ವೃತ್ತಿಪರ ಪರೀಕ್ಷೆಗಳಿಗೆ ಓದುವವರು ಸಲಹೆ ಕೇಳಲು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಬಹಳಷ್ಟು ಜನ ಕೇಳುವುದು ಒಂದೇ ಪ್ರಶ್ನೆ: ನೋಟ್ಸ್ ಮಾಡಬೇಕಾ, ಬೇಡವಾ? ಹಿಂದೆ ಒಮ್ಮೆ ಈ ಪ್ರಶ್ನೆಗೆ ನಾನು ಅವಸರದಲ್ಲಿ ತಪ್ಪು ಉತ್ತರ ಕೊಟ್ಟಿದ್ದೆ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಆದ್ದರಿಂದಲೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ವಯಸ್ಸು ಇಪ್ಪತ್ತಾರು. ಹಗಲು ಆಡಿಟ್ ಕೆಲಸ, ರಾತ್ರಿ ಓದು. ಫೈನಾನ್ಷಿಯಲ್ ರಿಪೋರ್ಟಿಂಗ್ ಪೇಪರ್ ಮೂರು ಸಲ ಕೈಕೊಟ್ಟಿತ್ತು. ನಿದ್ದೆ ಕೆಟ್ಟಿತ್ತು. ಫಲಿತಾಂಶದ ದಿನ ಹತ್ತಿರ ಬಂದರೆ ಎದೆ ಡವಡವ ಅನ್ನುತ್ತಿತ್ತು. ಡಾಕ್ಟರು ನೋಡಿ, ದೇಹಕ್ಕೇನೂ ತೊಂದರೆಯಿಲ್ಲ ಅಂದಿದ್ದರು.

ಮೊದಲ ಭೇಟಿಯಲ್ಲಿ ಎರಡು ಲೆಕ್ಕ ಕೇಳಿದೆ. ಹೋದ ಸಲ ಒಟ್ಟು ಎಷ್ಟು ತಿಂಗಳು ಓದಿದೆ, ಅದರಲ್ಲಿ ನೋಟ್ಸ್ ಬರೆಯಲು ಎಷ್ಟು ಹೋಯಿತು? ನಾಲ್ಕರಲ್ಲಿ ಮೂರು ತಿಂಗಳು. ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆದ ಪ್ರಶ್ನೆಗಳು ಎಷ್ಟು? ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರು... ಏಳು ಇರಬಹುದು" ಅಂದಳು. ಮೂರು ಗಂಟೆಯಲ್ಲಿ ನೂರು ಅಂಕ ಅಂದರೆ ಒಂದು ಅಂಕಕ್ಕೆ 1.8 ನಿಮಿಷ. ಆ ವೇಗ ಕೈಗೆ ಹತ್ತಬೇಕಾದರೆ ಏಳು ಪ್ರಶ್ನೆ ಎಲ್ಲಿಗೂ ಸಾಲದು.

ಎರಡನೇ ಭೇಟಿಯ ಹೊತ್ತಿಗೆ ಆಕೆ ಸ್ವಲ್ಪ ಸಲಿಗೆಯಿಂದ ಮಾತಾಡುತ್ತಿದ್ದಳು. ರಾಶಿಯಿಂದ ಒಂದು ನೋಟ್‌ಬುಕ್ ಎಳೆದು ತೆರೆದೆ. ಐಎಎಸ್ 10 ಅನ್ನುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ, ವರದಿ ಅವಧಿಯ ನಂತರದ ಘಟನೆಗಳು. ಅಕ್ಷರ ಮುತ್ತಿನ ಹಾಗೆ. ತಲೆಬರಹ ನೀಲಿ, ನಿಯಮ ಕಪ್ಪು, ಸ್ಕೇಲ್ ಇಟ್ಟು ಎಳೆದ ಗೆರೆಗಳು. ನೋಟ್‌ಬುಕ್ ಮುಚ್ಚಿ ನನ್ನ ತೊಡೆಯ ಮೇಲಿಟ್ಟುಕೊಂಡೆ.

"ನನಗೆ ಅಕೌಂಟ್ಸ್ ಬರಲ್ಲ. ನನಗೆ ಅರ್ಥ ಆಗೋ ಹಾಗೆ ಇದನ್ನ ಹೇಳಿಕೊಡು."

ಆಕೆ ಕಣ್ಣು ಮುಚ್ಚಿದಳು. "ಎಡಗಡೆ ಪುಟ. ಮೇಲೆ ಡೆಫಿನಿಷನ್. ಅದರ ಕೆಳಗೆ ಎರಡು ಕಾಲಂ, ಅಡ್ಜಸ್ಟಿಂಗ್, ನಾನ್-ಅಡ್ಜಸ್ಟಿಂಗ್. ಬಲಗಡೆ ಮೂಲೆಯಲ್ಲಿ ಹಸಿರು ಬಾಕ್ಸ್. ಅದು ತುಂಬಾ ಮುಖ್ಯ."

"ಬಾಕ್ಸ್ ಒಳಗೆ ಏನಿದೆ?"

ಉತ್ತರ ಬರಲಿಲ್ಲ. ಬೆರಳು ಮೇಜಿನ ಮೇಲೆ ಒಂದು ಚೌಕ ಬರೆಯುತ್ತಿತ್ತು, ಮತ್ತೆ ಮತ್ತೆ ಅದೇ ಚೌಕ. ಕೊನೆಗೆ ಹೇಳಿದಳು: "ಬಾಕ್ಸ್ ಕಾಣ್ತಾ ಇದೆ ಮೇಡಂ. ಒಳಗಿರೋದು ಕಾಣ್ತಾ ಇಲ್ಲ."

ಆಕೆಯೇ ತಂದಿದ್ದ ಪ್ರಶ್ನೆಗಳ ಪುಸ್ತಕದಿಂದ ಒಂದನ್ನು ಓದಿದೆ. ವರ್ಷ ಮುಗಿದು ಎರಡು ವಾರಕ್ಕೆ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದು ಸರಕೆಲ್ಲ ಸುಟ್ಟಿದೆ. ಅದೇ ವಾರ ದೊಡ್ಡ ಗ್ರಾಹಕನೊಬ್ಬ ದಿವಾಳಿಯಾಗಿದ್ದಾನೆ. ವರ್ಷದ ಕೊನೆಯ ದಿನಕ್ಕೆ ಅವನಿಂದ ದೊಡ್ಡ ಬಾಕಿ ಬರಬೇಕಿತ್ತು. ಲೆಕ್ಕಪತ್ರಗಳಿಗೆ ಇನ್ನೂ ಅನುಮೋದನೆ ಸಿಕ್ಕಿಲ್ಲ. ಏನು ಮಾಡಬೇಕು?

ಆಕೆ ಬರೆದಳು: ಎರಡನ್ನೂ ಅಡ್ಜಸ್ಟ್ ಮಾಡಬೇಕು (ಅಂದರೆ ಮುಗಿದ ವರ್ಷದ ಲೆಕ್ಕದಲ್ಲೇ ಸೇರಿಸಬೇಕು), ಎರಡೂ ದೊಡ್ಡ ನಷ್ಟ. ಹಿಂದಿನ ಪುಟದಲ್ಲಿದ್ದ ಉತ್ತರ ಬೇರೆ. ಗ್ರಾಹಕನ ಬಾಕಿಯನ್ನು ಅಡ್ಜಸ್ಟ್ ಮಾಡಬೇಕು. ಬೆಂಕಿಯ ನಷ್ಟವನ್ನು ಆ ವರ್ಷದ ಲೆಕ್ಕಕ್ಕೆ ತರಬಾರದು, ಲೆಕ್ಕಪತ್ರದ ಜೊತೆಗಿನ ಟಿಪ್ಪಣಿಯಲ್ಲಿ ಹೇಳಿದರೆ ಸಾಕು.

"ಯಾಕೆ ಹಾಗೆ?" ಅಂತ ಕೇಳಿದೆ. ಪರೀಕ್ಷೆ ಮಾಡಲು ಕೇಳಿದ್ದಲ್ಲ. ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಆಕೆಯ ಕೈ ನನ್ನ ತೊಡೆಯ ಮೇಲಿದ್ದ ನೋಟ್‌ಬುಕ್ ಕಡೆ ಬಂತು. ಕೊಡಲಿಲ್ಲ. ಐದು ನಿಮಿಷವಾದರೂ ಕಳೆದಿರಬೇಕು. ಆಮೇಲೆ ನಿಧಾನವಾಗಿ ಶುರು ಮಾಡಿದಳು. "ಗ್ರಾಹಕನ ಕೈಲಿ ದುಡ್ಡಿಲ್ಲ ಅನ್ನೋ ಸ್ಥಿತಿ ವರ್ಷದ ಕೊನೇ ದಿನವೇ ಇತ್ತು. ನಮಗೆ ಆಮೇಲೆ ಗೊತ್ತಾಯ್ತು ಅಷ್ಟೇ. ಗೋದಾಮು ಆ ದಿನ ಚೆನ್ನಾಗೇ ಇತ್ತು. ನಷ್ಟ ಎಷ್ಟು ದೊಡ್ಡದು ಅಂತ ನೋಡೋದಲ್ಲ ಮೇಡಂ, ಆ ದಿನ ಇತ್ತಾ ಇಲ್ವಾ ಅಂತ ನೋಡೋದು!" ಅಲ್ಲಿಗೆ ನಿಲ್ಲಲಿಲ್ಲ. "ಆದ್ರೆ ಅದು ಒಂದೇ ಗೋದಾಮಾಗಿದ್ದು, ಕಂಪನಿ ಮುಂದೆ ನಡೆಯೋದೇ ಸಾಧ್ಯ ಇಲ್ಲ ಅಂದ್ರೆ? ಆಗ ಗೋಯಿಂಗ್ ಕನ್ಸರ್ನ್, ಅಂದ್ರೆ ಕಂಪನಿ ಮುಂದೆಯೂ ನಡೆಯುತ್ತೆ ಅನ್ನೋ ಆಧಾರದ ಮೇಲೆ ಲೆಕ್ಕ ಮಾಡೋ ಹಾಗೇ ಇಲ್ಲ."

ನೋಟ್‌ಬುಕ್ ತೆರೆದೆ. ಹಸಿರು ಬಾಕ್ಸಿನೊಳಗೆ ಇದ್ದದ್ದು ಅದೇ ವಾಕ್ಯ.

ಆಕೆ ನಕ್ಕಳು. ನಗುತ್ತಲೇ ಅತ್ತಳು. ನಾನು, "ಹಾಗಾದರೆ ಒಂದು ವಾರ ನೋಟ್ಸ್ ಬೇಡ, ಬರೀ ಪ್ರಶ್ನೆ ಬಿಡಿಸು" ಅಂದೆ. ಆಗ ಬಂತು ನಾನು ನಿರೀಕ್ಷಿಸದ ಮಾತು.

"ಬರೆಯೋದು ಬಿಟ್ಟರೆ ನಾನು ಓದ್ತಾ ಇದ್ದೀನಿ ಅನ್ನೋದಕ್ಕೆ ಸಾಕ್ಷಿ ಏನು ಮೇಡಂ? ರಾತ್ರಿ ಅಕ್ಕ ಬಾಗಿಲು ತೆಗೆದು ನೋಡ್ತಾಳೆ. ಬರೀತಾ ಇದ್ರೆ ಸುಮ್ನೆ ಹೋಗ್ತಾಳೆ."

ಆ ಮಾತು ಕೇಳುವವರೆಗೆ ಇದನ್ನು ಓದುವ ವಿಧಾನದ ಸಮಸ್ಯೆ ಅಂದುಕೊಂಡಿದ್ದೆ. ಮೂರು ಸಲ ಫೇಲಾದ ಮೇಲೆ ಮನುಷ್ಯನಿಗೆ ದಿನದ ಕೊನೆಗೆ ಯಾವುದಾದರೂ ಒಂದು ಆಸರೆ ಬೇಕು. ಇವತ್ತು ನೀನು ದುಡಿದಿದ್ದೀಯ ಅಂತ ಹೇಳುವಂಥದ್ದು. ತುಂಬಿದ ಪುಟ ಹಾಗೆ ಹೇಳುತ್ತದೆ. ಬಿಡಿಸಲು ಹೋಗಿ ತಪ್ಪಿದ ಪ್ರಶ್ನೆ ಅದರ ವಿರುದ್ಧವನ್ನೇ ಹೇಳುತ್ತದೆ. ಹೀಗಿರುವಾಗ ಆಕೆ ಪೆನ್ನು ಹಿಡಿದು ಕೂತದ್ದು ಸೋಮಾರಿತನ ಆಗಲು ಹೇಗೆ ಸಾಧ್ಯ? ಹೆದರಿದವರು ಕತ್ತಲಲ್ಲಿ ಗೋಡೆ ಹಿಡಿದು ನಡೆಯುವುದಿಲ್ಲವಾ, ಹಾಗೆ.

ನನ್ನ ಹಳೆಯ ತಪ್ಪು ಇಲ್ಲೇ ಆಗಿದ್ದು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗನಿಗೆ "ನೋಟ್ಸ್ ಪೂರ್ತಿ ಬಿಟ್ಟುಬಿಡು" ಅಂದಿದ್ದೆ. ಸಲಹೆ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ಅವನ ಗೋಡೆಯನ್ನು ಕಿತ್ತುಕೊಂಡು, ಹಿಡಿಯಲು ಇನ್ನೊಂದನ್ನು ಕೊಟ್ಟಿರಲಿಲ್ಲ. ಎರಡು ವಾರ ಏನನ್ನೂ ಓದಲಾಗದೆ ಕೂತಿದ್ದ. ಆ ಸಲದ ಪರೀಕ್ಷೆ ಬರೆಯಲೇ ಇಲ್ಲ.

ಆದ್ದರಿಂದ ಈಕೆಗೆ ನೋಟ್ಸ್ ಬಿಡು ಅನ್ನಲಿಲ್ಲ. ಕ್ರಮ ತಿರುಗಿಸು ಅಂದೆ. ಮೊದಲು ಅಧ್ಯಾಯವನ್ನು ಒಮ್ಮೆ ಓದುವುದು. ಪುಸ್ತಕ ಮುಚ್ಚಿ ಒಂದು ಪ್ರಶ್ನೆ ಬರೆಯುವುದು, ತಪ್ಪಾದರೂ ಸರಿ. ಉತ್ತರ ನೋಡಿದ ಮೇಲೆ, ಎಲ್ಲಿ ಎಡವಿದೆ ಅನ್ನುವುದನ್ನು ಮಾತ್ರ ತನ್ನ ಮಾತಿನಲ್ಲಿ ಬರೆದಿಡುವುದು. ಒಂದು ತಪ್ಪಿಗೆ ಎರಡು ಸಾಲು ಸಾಕು. ಮೂರನೇ ದಿನ, ಆಮೇಲೆ ಹತ್ತನೇ ದಿನ, ಆ ಸಾಲನ್ನು ಮುಚ್ಚಿಟ್ಟು ಮತ್ತೆ ಹೇಳಿಕೊಳ್ಳುವುದು. ಬಣ್ಣದ ಪೆನ್ನು ಬೇಕಾದರೆ ಇರಲಿ. ಸ್ಕೇಲ್ ಬೇಡ. ಪ್ರತಿ ರಾತ್ರಿ ಮಲಗುವ ಮುಂಚೆ ಕ್ಯಾಲೆಂಡರಿನಲ್ಲಿ ಒಂದು ಅಂಕಿ: ಇವತ್ತು ಎಷ್ಟು ಪ್ರಶ್ನೆ. ಆಕೆಗೆ ಬೇಕಿದ್ದ ಸಾಕ್ಷಿ ಇನ್ನು ಮೇಲೆ ಆ ಅಂಕಿಯೇ ಆಗಲಿ ಅಂತ ನನ್ನ ಆಸೆ.

ಇಂಥ ಪರೀಕ್ಷೆಗಳಿಗೆ ಪಾಠ ಹೇಳುವ ಹಿರಿಯರೊಬ್ಬರು ಈ ಸಲಹೆ ಕೇಳಿ ಬೇಸರ ಮಾಡಿಕೊಂಡರು. ಕೈಯಲ್ಲಿ ಬರೆದದ್ದೇ ತಲೆಯಲ್ಲಿ ಉಳಿಯುವುದು, ನೀವು ಮಕ್ಕಳನ್ನು ಹಾಳು ಮಾಡುತ್ತೀರಿ ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿಕೊಂಡವರಿಗಿಂತ ಕೈಯಲ್ಲಿ ಬರೆದವರು ವಿಷಯವನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು ಅಂತ 2014ರ ಒಂದು ಅಧ್ಯಯನ ಹೇಳಿತ್ತು. ಆದರೆ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. 2006ರ ಇನ್ನೊಂದು ಪ್ರಯೋಗ ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಅದನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರೇ ಮುಂದು. ವಾರದ ನಂತರ ಕೇಳಿದರೆ ನೆನಪಿನಿಂದ ಬರೆದವರು ಮುಂದು. ಓದಿದ ರಾತ್ರಿ ಎಲ್ಲ ಬರುತ್ತೆ ಅನ್ನಿಸಿ ಪರೀಕ್ಷೆಯ ದಿನ ಕೈಕೊಡುವುದು ಯಾಕೆ ಅಂತ ಇದರಿಂದ ತಿಳಿಯುತ್ತದೆ ಅಲ್ವಾ? ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದ 2013ರ ವಿಮರ್ಶೆಯಲ್ಲೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಬಿಡುವು ಕೊಟ್ಟು ಓದುವುದು ಮೇಲಿನ ಸಾಲಿನಲ್ಲಿವೆ. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು, ಸಾರಾಂಶ ಬರೆಯುವುದು ಕೆಳಗಿವೆ.

ಹಾಗಂತ ನೋಟ್ಸ್ ದಂಡ ಅಂತ ನಾನು ಹೇಳಲಾರೆ. ನಿಯಮಗಳ ಪದವೇ ಮುಖ್ಯವಾಗುವ ಕಡೆ, ಆಡಿಟ್, ಟ್ಯಾಕ್ಸ್, ಕಾನೂನು ಇಂಥ ಪೇಪರ್‌ಗಳಲ್ಲಿ, ಒಂದೊಂದು ಅಧ್ಯಾಯಕ್ಕೆ ಒಂದೊಂದು ಪುಟ ಇದ್ದರೆ ಕೊನೆಯ ವಾರದಲ್ಲಿ ಜೀವ ಉಳಿಯುತ್ತದೆ. ತನ್ನದೇ ತಲೆ ಓಡಿಸಿ ಬರೆದ ಪುಟ ಆಗಿರಬೇಕು, ಅಷ್ಟೇ. ಬೇರೆಯವರ ನೋಟ್ಸ್ ತರಿಸಿಕೊಳ್ಳುವವರಿಗೆ ಇನ್ನೊಂದು ಅಪಾಯ ಇದೆ, ಅದು ಈಕೆಯಿಂದಲೇ ನನಗೆ ಗೊತ್ತಾಯಿತು. ಸೀನಿಯರ್ ಒಬ್ಬರು ಕೊಟ್ಟ ಹಳೆಯ ಪುಟಗಳಲ್ಲಿ ಲೀಸ್ ಅಧ್ಯಾಯ ಇನ್ನೂ ಐಎಎಸ್ 17ರ ಪ್ರಕಾರವೇ ಇತ್ತು. 2019ರ ಜನವರಿ 1ರಿಂದ ಅದರ ಜಾಗಕ್ಕೆ ಐಎಫ್‌ಆರ್‌ಎಸ್ 16 ಅನ್ನುವ ಹೊಸ ಮಾನದಂಡ ಬಂದಿದೆ. ಬಾಡಿಗೆಗೆ ಪಡೆದವರು ಹೆಚ್ಚಿನ ಲೀಸ್‌ಗಳನ್ನು ಈಗ ಬ್ಯಾಲೆನ್ಸ್ ಶೀಟಿನಲ್ಲೇ ತೋರಿಸಬೇಕು. ಅಂದವಾದ ಅಕ್ಷರ ನೋಡಿ ಆಕೆ ಅದನ್ನೂ ನಂಬಿಕೊಂಡಿದ್ದಳು.

ಅಕ್ಕನನ್ನು ಒಮ್ಮೆ ಕರೆಸಿಕೊಂಡೆ, ತಂಗಿಯ ಒಪ್ಪಿಗೆ ಕೇಳಿಯೇ. ಬಾಗಿಲು ತೆಗೆದು ನೋಡುವುದು ಪ್ರೀತಿಯಿಂದಲೇ ಅಂತ ಗೊತ್ತಿತ್ತು. ಅದನ್ನು ನಿಲ್ಲಿಸಿ ಅನ್ನುವ ಬದಲು ಬೇರೆ ಕೆಲಸ ಕೊಟ್ಟೆ. ದಿನಾ ರಾತ್ರಿ ತಂಗಿಯ ತಪ್ಪುಗಳ ಪುಸ್ತಕದಿಂದ ಒಂದು ಸಾಲು ಓದಿ, "ಯಾಕೆ?" ಅಂತ ಕೇಳುವುದು. ಉತ್ತರ ಸರಿಯಾ ತಪ್ಪಾ ಅಂತ ಅಕ್ಕನಿಗೆ ಗೊತ್ತಿರಬೇಕಿಲ್ಲ. ಅರ್ಥವಾಯಿತಾ ಇಲ್ಲವಾ ಅಂತ ಹೇಳಿದರೆ ಸಾಕು.

ಮೊದಲ ಮೂರು ವಾರ ಕಷ್ಟವಾಯಿತು. ಕ್ಯಾಲೆಂಡರಿನಲ್ಲಿ ಸೊನ್ನೆಗಳೂ ಇದ್ದವು. ಒಂದು ರಾತ್ರಿ ತಡೆಯಲಾರದೆ ಇಡೀ ಅಧ್ಯಾಯವನ್ನು ಮತ್ತೆ ಮೂರು ಬಣ್ಣದಲ್ಲಿ ಬರೆದು, ಮರುದಿನ ತಪ್ಪು ಮಾಡಿದವರ ಹಾಗೆ ಬಂದು ಹೇಳಿದಳು. "ಬರೆದದ್ದು ಬರೆದಾಯ್ತು, ಈಗ ಅದನ್ನ ಮುಚ್ಚಿಟ್ಟು ನನಗೆ ಹೇಳು" ಅಂದೆ. ಅರ್ಧದಷ್ಟು ಹೇಳಿದಳು. ಮೊದಲ ದಿನ ಅದೂ ಇರಲಿಲ್ಲ.

ನಾಲ್ಕನೇ ಸಲಕ್ಕೆ ಆ ಪೇಪರ್ ಪಾಸಾಯಿತು. ಇದಕ್ಕೆ ನನ್ನ ಸಲಹೆ ಒಂದೇ ಕಾರಣ ಅಂತ ನಾನು ಅನ್ನಲಾರೆ. ಆಕೆ ಆ ಸಲ ನೂರ ನಲವತ್ತು ಪ್ರಶ್ನೆ ಬಿಡಿಸಿದ್ದಳು. ಇನ್ನೂ ಎರಡು ಪೇಪರ್ ಬಾಕಿ ಇವೆ. ಫಲಿತಾಂಶ ಹೇಳಲು ಇಬ್ಬರೂ ಒಟ್ಟಿಗೆ ಬಂದಿದ್ದರು. ಹೊರಡುವಾಗ ಅಕ್ಕ ಬಾಗಿಲ ಹತ್ತಿರ ನಿಂತು, "ಗೋದಾಮಿಗೆ ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ಈಗ ನನಗೂ ಗೊತ್ತು ಮೇಡಂ" ಅಂದು, ತಂಗಿ ತಡೆದರೂ ಕೇಳದೆ, ನಿಂತಲ್ಲೇ ಪೂರ್ತಿ ವಿವರಿಸಿದರು.